ನಗದು ಕೊಟ್ಟರೂ ಅಂಗಡಿಯಲ್ಲಿ ಮೊಬೈಲ್ ನಂಬರ್ ಕೇಳುತ್ತಾರೆ. ಸುಳ್ಳು ನಂಬರ್ ಕೊಡಬಹುದೇ?

ಬೇಡ. ನಿಜವಾದ ನಂಬರೂ ಬೇಡ. ನಂಬರಿಲ್ಲದೆ ಬಿಲ್ ಆಗುವುದಿಲ್ಲ ಅಂತ ನೀವು ನಂಬಿರುವುದೇ ತಪ್ಪು. ನಾನು ಬಿಲ್ಲಿಂಗ್ ಸಾಫ್ಟ್‌ವೇರ್ ಕಡೆಯವನು. ಆ ಜಾಗ ಖಾಲಿ ಬಿಟ್ಟು ಎಂಟರ್ ಒತ್ತಿದರೆ ಸಾಮಾನ್ಯವಾಗಿ 'ಕ್ಯಾಶ್ ಕಸ್ಟಮರ್' ಅಂತ ಬಿಲ್ ಬಂದೇ ಬರುತ್ತದೆ. ಕೆಲವು ಅಂಗಡಿಗಳು ಸೆಟ್ಟಿಂಗಿನಲ್ಲಿ ನಂಬರ್ ಕಡ್ಡಾಯ ಮಾಡಿಕೊಂಡಿರುತ್ತವೆ, ಅಲ್ಲೂ ಕ್ಯಾಷಿಯರ್ ಅಂಗಡಿಯದೇ ನಂಬರ್ ಹಾಕಿ ಮುಂದೆ ಹೋಗಬಹುದು.

ಸುಳ್ಳು ನಂಬರ್ ಯಾಕೆ ಬೇಡ ಅಂದರೆ, ಬಾಯಿಗೆ ಬಂದ ಅಂಕಿಗಳು ಯಾರದೋ ಫೋನಿನದ್ದೇ ಆಗಿರಬಹುದು. ಸಾಫ್ಟ್‌ವೇರ್ ಗ್ರಾಹಕರನ್ನು ಗುರುತಿಸುವುದು ನಂಬರಿನಿಂದ, ಹೆಸರಿನಿಂದಲ್ಲ. ಆ ನಂಬರ್ ಮೊದಲೇ ಅಲ್ಲಿದ್ದರೆ ನಿಮ್ಮ ಬಿಲ್ ಅವರ ಖಾತೆಗೆ ಸೇರುತ್ತದೆ. ಬಿಲ್ಲಿನ ಮೇಲೆ ಅವರ ಹೆಸರು ಅಚ್ಚಾಗುತ್ತದೆ, ನೀವು ಕೊಂಡ ಔಷಧಿಯ ಪಟ್ಟಿ ಅವರ ಮೆಸೇಜಿಗೆ ಹೋಗುತ್ತದೆ. ಸಾಮಾನು ವಾಪಸ್ ಕೊಡಲು ಹೋದರೆ ಓಟಿಪಿಯೂ ಅವರಿಗೇ! ಕ್ಯಾಷಿಯರ್ ಕೈಯಲ್ಲಿ ಆಗ ಏನೂ ಇರುವುದಿಲ್ಲ. ವಾರಂಟಿ ಆ ಮೊಬೈಲ್ ನಂಬರಿಗೆ ಜೋಡಣೆಯಾಗಿದ್ದರಂತೂ ಇನ್ನೂ ಕಷ್ಟ.

ಮೊದಲ ಸಾಮಾನು ಸ್ಕ್ಯಾನ್ ಮಾಡುವ ಮುಂಚೆಯೇ "ನಂಬರ್ ಬೇಡ, ಬಿಲ್ ಪ್ರಿಂಟ್ ಕೊಡಿ" ಅನ್ನಿ. ಬಿಲ್ ಮುಗಿದ ಮೇಲೆ ಹೇಳಿದರೆ ಅದನ್ನು ರದ್ದು ಮಾಡಬೇಕಾಗುತ್ತದೆ, ಅದಕ್ಕೆ ಮ್ಯಾನೇಜರ್ ಬರಬೇಕು. ಕ್ಯಾಷಿಯರ್ ಮೇಲೆ ರೇಗಬೇಡಿ, ಎಷ್ಟು ಬಿಲ್ಲಿಗೆ ನಂಬರ್ ಹಾಕಿದರು ಅಂತ ಮೇಲಿನವರು ಅವರನ್ನೇ ಕೇಳುತ್ತಾರೆ.

ಮೊಬೈಲ್ ನಂಬರ್ ಕೊಡದಿದ್ದರೆ ಸಾಮಾನು ವಾಪಸಿಗೆ ಬೇಕಾಗುವುದು ಬಿಲ್ ನಂಬರ್, ವಾರಂಟಿಗೆ ಬಿಲ್ಲಿನಲ್ಲಿ ಸೀರಿಯಲ್ ನಂಬರ್. ಅದು ನಮೂದಾಗಿದೆಯೇ ಅಂತ ಕೌಂಟರಿನಲ್ಲೇ ನೋಡಿಕೊಳ್ಳಿ. ಥರ್ಮಲ್ ಕಾಗದದ ಅಕ್ಷರ ಬಿಸಿಲಿಗೆ, ಪ್ಲಾಸ್ಟಿಕ್ ಕವರಿಗೆ ಅಳಿಸಿಹೋಗುತ್ತದೆ, ಆವತ್ತೇ ಫೋಟೋ ತೆಗೆದಿಡಿ.

ಅಂಗಡಿ ನಂಬಿಕಸ್ಥರದ್ದೇ ಆದರೂ ನನ್ನ ಮಾತು ಇದೇ, ಯಾಕೆಂದರೆ ಅಂಗಡಿ ಕೈ ಬದಲಾದರೆ ಗ್ರಾಹಕರ ಪಟ್ಟಿಯೂ ಕೈ ಬದಲಾಗಬಹುದು. ಅಮೆರಿಕದ ಎಲೆಕ್ಟ್ರಾನಿಕ್ಸ್ ಅಂಗಡಿಗಳ ಕಂಪನಿ ರೇಡಿಯೋಶ್ಯಾಕ್ ಒಂದು ಕಾಲದಲ್ಲಿ ನಗದು ಕೊಟ್ಟವರ ಹೆಸರು, ವಿಳಾಸವನ್ನೂ ಬರೆದುಕೊಳ್ಳುತ್ತಿತ್ತು. 2015ರಲ್ಲಿ ದಿವಾಳಿಯಾದಾಗ ಗ್ರಾಹಕರ ಪಟ್ಟಿಯೂ ಮಾರಾಟಕ್ಕೆ ಬಂತು. ಹಲವು ರಾಜ್ಯಗಳು ತಕರಾರು ಎತ್ತಿದ್ದರಿಂದ ಅದರಲ್ಲಿ ಒಂದು ಭಾಗ ಮಾತ್ರ ಮಾರಾಟವಾಯಿತು.

ಮನೆಗೆ ತಲುಪಿಸುವುದಿದ್ದರೆ, ರಿಪೇರಿಗೆ ಬಿಟ್ಟರೆ ನಂಬರ್ ಕೊಡಲೇಬೇಕು. ಭಾರಿ ಮೊತ್ತದ ನಗದಿಗೆ ಎಷ್ಟೋ ದೇಶಗಳಲ್ಲಿ ಗುರುತಿನ ದಾಖಲೆಯನ್ನು ಕಾನೂನೇ ಕೇಳುತ್ತದೆ, ಅಲ್ಲಿ ಅಂಗಡಿಯವರ ಜೊತೆ ವಾದ ಮಾಡಬೇಡಿ.