ಶಂಕುಕೋಶದ ಲೇಖನ: ಚಾನೆಲ್ ಮುಚ್ಚಿದ ಮೇಲೆ ಏನಾಗುತ್ತದೆ?

ಮಾನ್ಯರೇ,

ಕಣ್ಣಿನ ಅಕ್ಷಿಪಟಲದಲ್ಲಿ ಹಗಲಿನ ನೋಟಕ್ಕೂ ಬಣ್ಣದ ಅರಿವಿಗೂ ಕಾರಣವಾದ ಶಂಕುಕೋಶಗಳು ಬೆಳಕಿಗೆ ಸ್ಪಂದಿಸುವಾಗ, ಕೋಶದ ಪೊರೆಯಲ್ಲಿ ವಿದ್ಯುದಂಶವುಳ್ಳ ಕಣಗಳಿಗೆ ದಾರಿಯಾಗುವ ಅಯಾನ್ ಚಾನೆಲ್‌ಗಳು ವಹಿಸುವ ಪಾತ್ರವನ್ನು ಕುರಿತು ನೀವು ನಮ್ಮ ವಿಜ್ಞಾನ ಮಾಸಿಕಕ್ಕೆ ಕಳುಹಿಸಿದ ಲೇಖನವನ್ನು ಪೂರ್ತಿಯಾಗಿ ಓದಿದೆ. ಈಗಿರುವ ರೂಪದಲ್ಲಿ ಅದನ್ನು ಪ್ರಕಟಿಸಲಾಗುವುದಿಲ್ಲ. ಆದರೆ ಅದನ್ನು ಮತ್ತೆ ಬರೆದು ಕಳುಹಿಸಿ ಎಂದು ಕೇಳುವುದಕ್ಕಾಗಿಯೇ ಇಷ್ಟು ದೀರ್ಘವಾಗಿ ಬರೆಯುತ್ತಿದ್ದೇನೆ. ಶಾಲೆಯ ಪಾಠದ ಮಟ್ಟವನ್ನು ದಾಟಿ ಈ ವಿಷಯವನ್ನು ವಿವರಿಸುವ ಬರಹ ಕನ್ನಡದ ಓದುಗರಿಗೆ ಸಿಗಲೇಬೇಕು ಎಂಬುದು ನನ್ನ ಆಸೆ.

ಮೊದಲು ತಿದ್ದಬೇಕಾದ ದೊಡ್ಡ ತಪ್ಪು. ಎರಡನೆಯ ಪುಟದಲ್ಲಿ ‘ಬೆಳಕು ಬಿದ್ದೊಡನೆ ಚಾನೆಲ್‌ಗಳು ತೆರೆದು ಕೋಶ ಉದ್ರೇಕಗೊಳ್ಳುತ್ತದೆ’ ಎಂದಿದ್ದೀರಿ. ನಡೆಯುವುದು ಇದಕ್ಕೆ ವಿರುದ್ಧವಾದದ್ದು. ಕತ್ತಲೆಯಲ್ಲಿ, ಬೆಳಕನ್ನು ಹಿಡಿಯುವ ಭಾಗವಾದ ಕೋಶದ ಹೊರಖಂಡದಲ್ಲಿರುವ ಚಾನೆಲ್‌ಗಳಲ್ಲಿ ಒಂದು ಪಾಲು, ಸೈಕ್ಲಿಕ್ ಜಿಎಂಪಿ ಎಂಬ ಅಣು ಅಂಟಿಕೊಂಡಿರುವುದರಿಂದ, ತೆರೆದೇ ಇರುತ್ತದೆ. ಅದರ ಮೂಲಕ ಸೋಡಿಯಂ ಮತ್ತು ಕ್ಯಾಲ್ಸಿಯಂ ಒಳಗೆ ಹರಿಯುತ್ತಲೇ ಇದ್ದು, ಕೋಶದ ವೋಲ್ಟೇಜ್ (ಹೊರಗಿಗೆ ಹೋಲಿಸಿದರೆ ಒಳಗಿನ ವಿದ್ಯುತ್ ಮಟ್ಟ) ಸುಮಾರು ಮೈನಸ್ 40 ಮಿಲಿವೋಲ್ಟ್‌ನ ಆಸುಪಾಸಿನಲ್ಲಿ ನಿಂತಿರುತ್ತದೆ. ಬೆಳಕು ಬಿದ್ದಾಗ, ಅದನ್ನು ಹೀರುವ ವರ್ಣಕವು ಟ್ರಾನ್ಸ್‌ಡ್ಯೂಸಿನ್ ಎಂಬ ಪ್ರೋಟೀನನ್ನು, ಅದು ಫಾಸ್ಫೋಡೈಎಸ್ಟರೇಸ್ ಕಿಣ್ವವನ್ನು ಚುರುಕುಗೊಳಿಸುತ್ತದೆ. ಈ ಕಿಣ್ವ ಸೈಕ್ಲಿಕ್ ಜಿಎಂಪಿಯನ್ನು ಒಡೆದುಹಾಕುವುದರಿಂದ ಚಾನೆಲ್‌ಗಳು ಮುಚ್ಚಿಕೊಂಡು, ವೋಲ್ಟೇಜ್ ಇನ್ನಷ್ಟು ಋಣದ ಕಡೆಗೆ ಇಳಿಯುತ್ತದೆ. ಮುಂದಿನ ಕೋಶಗಳಿಗೆ ಸುದ್ದಿ ಮುಟ್ಟಿಸಲು ಕತ್ತಲೆಯಲ್ಲಿ ಸತತವಾಗಿ ಬಿಡುಗಡೆಯಾಗುತ್ತಿದ್ದ ಗ್ಲುಟಮೇಟ್ ಎಂಬ ರಾಸಾಯನಿಕ ಆಗ ಕಡಿಮೆಯಾಗುತ್ತದೆ. ಜಪಾನಿನ ತ್ಸುನೆಓ ತೊಮಿತಾ ಅವರ ತಂಡ 1965ರಲ್ಲಿ ಕಾರ್ಪ್ ಮೀನಿನ ಒಂಟಿ ಶಂಕುಕೋಶಗಳಲ್ಲಿ ಈ ಇಳಿತವನ್ನು ದಾಖಲಿಸಿತು. ಬೆಳಕನ್ನು ಕಂಡ ಕೋಶ ಸುಮ್ಮನಾಗುತ್ತದೆ ಎಂಬ ಈ ಅಚ್ಚರಿಯೇ ನಿಮ್ಮ ಲೇಖನದ ಬಾಗಿಲಾಗಬೇಕು. ಅದೇ ಪುಟದಲ್ಲಿ ನೀವು ಹೇಳುವ ‘ಸ್ಪಂದನಗಳ ಸುರಿಮಳೆ’ಯೂ, ಅಂದರೆ ಚುಟುಕು ವಿದ್ಯುತ್ ಮಿಡಿತಗಳ ಸರಣಿಯೂ, ಶಂಕುಕೋಶದ್ದಲ್ಲ. ಇದರ ವೋಲ್ಟೇಜ್ ಬೆಳಕಿನ ಪ್ರಮಾಣಕ್ಕೆ ತಕ್ಕಂತೆ ಹೆಚ್ಚುಕಡಿಮೆಯಾಗುತ್ತದೆ. ಸ್ಪಂದನಗಳನ್ನು ಮಿದುಳಿಗೆ ಕಳುಹಿಸುವುದು ಮುಂದಿನ ಗ್ಯಾಂಗ್ಲಿಯಾನ್ ಕೋಶಗಳ ಕೆಲಸ.

ಸೈಕ್ಲಿಕ್ ಜಿಎಂಪಿ ನೇರವಾಗಿಯೇ ಚಾನೆಲ್ ತೆರೆಯುತ್ತದೆ ಎಂಬುದಕ್ಕೆ ನೀವು 1985ರ ಫೆಸೆಂಕೊ ಮತ್ತು ಸಂಗಡಿಗರ ಪ್ರಯೋಗವನ್ನು ಮಾತ್ರ ಉದಾಹರಿಸಿದ್ದೀರಿ. ಅದು ಕಪ್ಪೆಯ ದಂಡಕೋಶದ, ಅಂದರೆ ಮಂದ ಬೆಳಕಿನಲ್ಲಿ ನೋಡಲು ನೆರವಾಗುವ ಕೋಶದ, ಪೊರೆಯ ಮೇಲೆ ನಡೆದದ್ದು. ಅದೇ ವರ್ಷ ಹೇನ್ಸ್ ಮತ್ತು ಯೌ ಅವರು ಬೆಕ್ಕುಮೀನಿನ ಶಂಕುಕೋಶಗಳಲ್ಲಿಯೂ ಇಂಥ ಚಾನೆಲ್ ಇರುವುದನ್ನು ತೋರಿಸಿದ್ದರು. ಶಂಕುಕೋಶದ ಲೇಖನಕ್ಕೆ ಬೇಕಾದದ್ದು ಅದು.

ಇನ್ನು ನನ್ನ ಮುಖ್ಯ ಆಕ್ಷೇಪಕ್ಕೆ ಬರುತ್ತೇನೆ. ಚಾನೆಲ್ ಮುಚ್ಚಿದಲ್ಲಿಗೆ ನಿಮ್ಮ ನಿರೂಪಣೆ ನಿಂತುಬಿಡುತ್ತದೆ. ಉಳಿದ ಚಾನೆಲ್‌ಗಳೆಲ್ಲ ಅದರ ನಂತರ ಒಂದು ಹೆಸರುಪಟ್ಟಿಯಾಗಿ ಬರುತ್ತವೆ. ಆದರೆ ಸ್ಪಂದನೆಗೆ ಆಕಾರ ಬರುವುದೇ ಮುಚ್ಚಿದ ಮೇಲೆ. ನೀವು ಕಟ್ಟೆಯ ತೂಬಿನ ಹೋಲಿಕೆ ಕೊಟ್ಟಿದ್ದೀರಿ. ಸಾಮಾನ್ಯ ತೂಬು ತಾನಾಗಿ ತೆರೆದುಕೊಳ್ಳುವುದಿಲ್ಲ. ಇಲ್ಲಿಯಾದರೋ ಮುಚ್ಚಿದ್ದರ ಪರಿಣಾಮವೇ ಚಾನೆಲ್ಲನ್ನು ಮತ್ತೆ ತೆರೆಸುತ್ತದೆ, ಹಾಗಾಗಿ ಆ ಹೋಲಿಕೆಯನ್ನು ಕೈಬಿಡಿ. ಒಳಬರುವ ಕ್ಯಾಲ್ಸಿಯಂ ನಿಂತರೂ, ಸೋಡಿಯಂನ್ನು ಒಳಗೆ ಬಿಟ್ಟುಕೊಂಡು ಕ್ಯಾಲ್ಸಿಯಂನ್ನು ಹೊರಹಾಕುವ ವಿನಿಮಯ ಪ್ರೋಟೀನು ಕೆಲಸ ನಿಲ್ಲಿಸುವುದಿಲ್ಲವಾದ್ದರಿಂದ, ಕೋಶದೊಳಗಿನ ಕ್ಯಾಲ್ಸಿಯಂ ಬೇಗನೆ ಇಳಿಯುತ್ತದೆ. ಅದು ಇಳಿದಾಗ ಸೈಕ್ಲಿಕ್ ಜಿಎಂಪಿಯನ್ನು ತಯಾರಿಸುವ ಕಿಣ್ವ ಚುರುಕಾಗುತ್ತದೆ. ಚಾನೆಲ್‌ಗಳು ಮತ್ತೆ ತೆರೆಯತೊಡಗುತ್ತವೆ. ಶಂಕುಕೋಶದ ಚಾನೆಲ್‌ಗಳಲ್ಲಿ ಹರಿಯುವ ವಿದ್ಯುತ್ತಿನಲ್ಲಿ ಕ್ಯಾಲ್ಸಿಯಂನ ಪಾಲು ದಂಡಕೋಶದಲ್ಲಿರುವುದಕ್ಕಿಂತ ಹೆಚ್ಚು. ಶಂಕುಕೋಶ ಬೇಗ ಚೇತರಿಸಿಕೊಳ್ಳುವುದಕ್ಕೂ, ನಡು ಹಗಲಿನಲ್ಲಿಯೂ ಕುರುಡಾಗದೆ ಕೆಲಸ ಮಾಡುವುದಕ್ಕೂ ಇರುವ ಕಾರಣಗಳಲ್ಲಿ ಇದೂ ಒಂದು. ಮೆಜೆಸ್ಟಿಕ್‌ನ ನೆಲದಡಿಯ ಮೆಟ್ರೊ ನಿಲ್ದಾಣದಿಂದ ಮಟಮಟ ಮಧ್ಯಾಹ್ನ ಮೇಲೆ ಬಂದವರು ಕಣ್ಣು ಕಿರಿದುಮಾಡಿ, ಕೆಲವೇ ಕ್ಷಣಗಳಲ್ಲಿ ಬಸ್ಸಿನ ಬೋರ್ಡು ಓದಲು ಸಾಧ್ಯವಾಗುವುದರ ಹಿಂದೆ ಈ ಕ್ಯಾಲ್ಸಿಯಂನ ಇಳಿತವೂ ಇದೆ. ಬೆಂಗಳೂರಿನ ಓದುಗರಿಗೆ ಇಂಥ ಅನುಭವದಿಂದಲೇ ವಿವರಿಸಿ.

ಅನಂತರ ಒಳಖಂಡದ ಎಚ್‌ಸಿಎನ್1 ಚಾನೆಲ್ ಬರಬೇಕು. ನೀವು ಇದಕ್ಕೆ ಒಂದೇ ಸಾಲು ಕೊಟ್ಟಿದ್ದೀರಿ, ನಾನಾಗಿದ್ದರೆ ಒಂದು ಪುಟ ಕೊಡುತ್ತಿದ್ದೆ. ವೋಲ್ಟೇಜ್ ಋಣದ ಕಡೆಗೆ ಇಳಿದಾಗ ತೆರೆಯುವುದು ಇದರ ಸ್ವಭಾವ. ತೆರೆದು ಧನ ಅಯಾನುಗಳನ್ನು ಒಳಗೆ ಬಿಡುವುದರಿಂದ ಇಳಿದ ವೋಲ್ಟೇಜನ್ನು ಮೇಲಕ್ಕೆಳೆಯುತ್ತದೆ. ತೆರೆಯಲು ಇದಕ್ಕೆ ಸ್ವಲ್ಪ ಸಮಯ ಬೇಕಾಗುವುದರಿಂದ, ಪ್ರಖರ ಬೆಳಕು ಬಿದ್ದಾಗ ವೋಲ್ಟೇಜ್ ಮೊದಲು ತಳ ಮುಟ್ಟಿ, ಬೆಳಕು ಇನ್ನೂ ಇರುವಾಗಲೇ ಸ್ವಲ್ಪ ಮೇಲೇರಿ ನಿಲ್ಲುತ್ತದೆ. ಬೆಳಕಿನ ಬದಲಾವಣೆಯನ್ನು ಎತ್ತಿ ತೋರಿಸಿ, ಬದಲಾಗದ ಬೆಳಕನ್ನು ತಗ್ಗಿಸುವುದು ಇದರಿಂದ ಸಾಧ್ಯ. ಇದಕ್ಕೆ ರೋಗಿಗಳ ಅನುಭವದ ಸಾಕ್ಷ್ಯವೂ ಇದೆ: ಹೃದಯದ ಬಡಿತ ತಗ್ಗಿಸಲು ನಮ್ಮ ಊರಿನ ಹೃದ್ರೋಗ ವೈದ್ಯರೂ ಬರೆದುಕೊಡುವ ಇವಾಬ್ರಡಿನ್ ಮಾತ್ರೆ ಇದೇ ಬಗೆಯ ಚಾನೆಲ್‌ಗಳನ್ನು ತಡೆಯುತ್ತದೆ, ಅದನ್ನು ತೆಗೆದುಕೊಳ್ಳುವ ಕೆಲವರಿಗೆ, ಬೆಳಕು ಥಟ್ಟನೆ ಬದಲಾದಾಗ, ದೃಷ್ಟಿಯ ಒಂದು ಭಾಗ ಕ್ಷಣಕಾಲ ಹೆಚ್ಚು ಪ್ರಕಾಶವಾಗಿ ಕಾಣುತ್ತದೆ. ಅಕ್ಷಿಪಟಲದ ಚಾನೆಲ್‌ಗಳಿಗೂ ಆ ಮಾತ್ರೆ ತಟ್ಟುವುದೇ ಕಾರಣವೆಂದು ತಜ್ಞರು ವಿವರಿಸುತ್ತಾರೆ. ನಿಮ್ಮ ಹಸ್ತಪ್ರತಿಯಲ್ಲಿ ಇದು ಇಲ್ಲದಿರುವುದನ್ನು ಕಂಡು ನನಗೆ ನಿಜವಾಗಿ ಬೇಸರವಾಯಿತು.

ಪೊಟ್ಯಾಸಿಯಂ ಚಾನೆಲ್‌ಗಳನ್ನೂ, ಕೋಶದ ಇನ್ನೊಂದು ತುದಿಯಲ್ಲಿ ಗ್ಲುಟಮೇಟ್ ಬಿಡುಗಡೆಯನ್ನು ನಿಯಂತ್ರಿಸುವ ಕ್ಯಾಲ್ಸಿಯಂ ಚಾನೆಲ್ಲನ್ನೂ ಚುಟುಕಾಗಿ ಹೇಳಿದರೆ ಸಾಕು. ಅವುಗಳ ವಂಶವಾಹಿಗಳ ಹೆಸರುಗಳೆಲ್ಲ ಈ ಲೇಖನಕ್ಕೆ ಬೇಡ.

ಪೆಸಿಫಿಕ್ ಸಾಗರದ ಪಿಂಗೆಲಾಪ್ ದ್ವೀಪದ ಭಾಗ ನಿಮ್ಮ ಬರಹದ ಅತ್ಯುತ್ತಮ ಭಾಗ. ಸುಮಾರು 1775ರ ಚಂಡಮಾರುತದ ನಂತರ ಬದುಕುಳಿದ ಕೆಲವೇ ಜನರ ಸಂತತಿಯಲ್ಲಿ, ಶಂಕುಕೋಶದ ಚಾನೆಲ್ಲಿನ ಒಂದು ಘಟಕವಾದ ಸಿಎನ್‌ಜಿಬಿ3ರ ದೋಷ ಹರಡಿದ್ದನ್ನು ಸರಿಯಾಗಿಯೇ ಹೇಳಿದ್ದೀರಿ. ಆದರೆ ‘ಅವರಿಗೆ ಕಣ್ಣು ಕಾಣದು’ ಎಂಬ ವಾಕ್ಯವನ್ನು ತೆಗೆಯಿರಿ. ಈ ದೋಷದಿಂದ ಬಾಧಿತರಾದವರು ದಂಡಕೋಶಗಳ ನೆರವಿನಿಂದ ನೋಡುತ್ತಾರೆ. ಮುಸ್ಸಂಜೆಯಲ್ಲಿ ಚೆನ್ನಾಗಿಯೇ ಕಾಣುತ್ತದೆ. ಬಣ್ಣಗಳು ತಿಳಿಯುವುದಿಲ್ಲ, ಸೂಕ್ಷ್ಮ ವಿವರ ಕಾಣದು, ಹಗಲಿನ ಬೆಳಕಂತೂ ಕಣ್ಣು ಕುಕ್ಕುತ್ತದೆ. ಹಗಲು ಯಾಕೆ ಅಷ್ಟು ಕಷ್ಟ ಎಂಬ ಪ್ರಶ್ನೆಗೆ ಉತ್ತರ ನೀವು ಮೇಲೆ ವಿವರಿಸಲಿರುವ ಶಂಕುಕೋಶದ ಗುಣದಲ್ಲಿಯೇ ಇದೆ, ಆದ್ದರಿಂದ ಈ ಭಾಗವನ್ನು ಕ್ಯಾಲ್ಸಿಯಂನ ವಿವರಣೆಯ ಬೆನ್ನಿಗೇ ಇರಿಸಿ.

ಹೊಸ ಪ್ರತಿ 1,500 ಪದಗಳನ್ನು ಮೀರದಿರಲಿ. ಸಮಯದೊಡನೆ ವೋಲ್ಟೇಜ್ ಹೇಗೆ ಇಳಿದೇರುತ್ತದೆ ಎಂಬುದನ್ನು ತೋರಿಸುವ ಒಂದು ನಕ್ಷೆಯನ್ನು ಕೈಯಲ್ಲಿ ಬರೆದು ಕಳುಹಿಸಿದರೂ ಸಾಕು, ನಮ್ಮ ಕಲಾವಿದರು ಅದನ್ನು ಸಿದ್ಧಪಡಿಸುತ್ತಾರೆ. ಪ್ರತಿ ಚಾನೆಲ್ ಆ ರೇಖೆಯ ಯಾವ ತಿರುವಿಗೆ ಕಾರಣ ಎಂಬುದನ್ನು ಅದರ ಮೇಲೆಯೇ ಗುರುತು ಮಾಡಿರಿ.

ಇತಿ,
ಸಂಪಾದಕ
ಬೆಂಗಳೂರು