ಗೋಧಿ ಮಲಗುವುದಕ್ಕೆ ಟೊಳ್ಳು ಕಾಂಡವೇ ಕಾರಣವಾ?

ಪುಣೆ ಹತ್ತಿರ ಶಿರೂರು ಕಡೆ ಹಾಕಿದ್ದ ಖಪ್ಲಿ ಗೋಧಿ ಒಂದೇ ಗಾಳಿಮಳೆಗೆ ಚಾಪೆ ಹಾಸಿದಂತೆ ಮಲಗಿತು, ಪಕ್ಕದವರ ಗೋಧಿ ನಿಂತೇ ಇದೆ ಅಂದಿದ್ದೀರಿ. ಕಾಂಡ ಟೊಳ್ಳಾಗಿರುವುದಕ್ಕೇ ಹೀಗಾ, ಗಟ್ಟಿ ಕಾಂಡದ ತಳಿ ಸಿಗುತ್ತಾ ಅಂತ ನಿಮ್ಮ ಪ್ರಶ್ನೆ.

ಟೊಳ್ಳನ್ನು ಬೈಯಬೇಡಿ. ಪಕ್ಕದವರದ್ದೂ ಟೊಳ್ಳೇ ಇರುತ್ತದೆ, ಬೇಕಾದರೆ ಒಂದು ದಂಟು ಮುರಿದು ನೋಡಿ.

ನಾನು ಪುಣೆಯ ಕಾಲೇಜೊಂದರಲ್ಲಿ ಸಸ್ಯಶಾಸ್ತ್ರ ಹೇಳಿಕೊಡುತ್ತೇನೆ. ಊರು ವಿಜಯಪುರದ ಕಡೆ. ನೀವು ಖಪ್ಲಿ ಅನ್ನುವುದನ್ನು ನಾವು ಸದಕ ಅಂತೀವಿ. ಲ್ಯಾಬಿನಲ್ಲಿ ಹುಡುಗರಿಂದ ಗೋಧಿ ಕಾಂಡವನ್ನು ಬ್ಲೇಡಿನಲ್ಲಿ ತೆಳ್ಳಗೆ ಅಡ್ಡ ಕೊಯ್ಯಿಸಿ, ಫ್ಲೋರೋಗ್ಲುಸಿನಾಲ್ ಮತ್ತು ಹೈಡ್ರೋಕ್ಲೋರಿಕ್ ಆಸಿಡ್ ಹಾಕಿಸುತ್ತೇನೆ. ಕಾಂಡಕ್ಕೆ ಗಡಸುತನ ಕೊಡುವ ಲಿಗ್ನಿನ್ ಅನ್ನುವ ವಸ್ತು ಇರುವ ಕಡೆಯೆಲ್ಲ ಕೆಂಪಾಗುತ್ತದೆ. ಮೈಕ್ರೋಸ್ಕೋಪಿನಲ್ಲಿ ಸಿಪ್ಪೆಯ ಕೆಳಗೇ ನಾರಿನ ಒಂದು ಕೆಂಪು ಉಂಗುರ ಕಾಣುತ್ತದೆ. ನೀರು, ಆಹಾರ ಸಾಗಿಸುವ ನಾಳಗಳ ಕಟ್ಟುಗಳೂ ಅಲ್ಲಲ್ಲಿ ಕೆಂಪಾಗಿರುತ್ತವೆ. ಒಳಗಿನ ಮೆತ್ತನೆಯ ಭಾಗಕ್ಕೆ ಬಣ್ಣವೇ ಹತ್ತುವುದಿಲ್ಲ. ಅದರಾಚೆ ಖಾಲಿ. ಗಿಡವನ್ನು ನಿಲ್ಲಿಸುವುದು ಮುಖ್ಯವಾಗಿ ಆ ಹೊರಗಿನ ಉಂಗುರ. ನಡುವೆ ತಿರುಳು ತುಂಬಿದ್ದರೆ ಕೊಳವೆ ಚಪ್ಪಟೆಯಾಗುವುದನ್ನು ಸ್ವಲ್ಪ ತಡೆಯುತ್ತದೆ, ಅಷ್ಟೇ. ಅಮೆರಿಕ, ಕೆನಡಾದಲ್ಲಿ ಗಟ್ಟಿ ಕಾಂಡದ ತಳಿ ಮಾಡಿದ್ದಾರೆ ನಿಜ. ಆದರೆ ಅದು ಕಾಂಡದೊಳಗೆ ಹೊಕ್ಕು ತಿನ್ನುವ ಗರಗಸ ನೊಣದ ಕಾಟ ತಪ್ಪಿಸುವುದಕ್ಕೆ.

ಬಲ ಬರುವುದು ದಪ್ಪದಿಂದ. ಗೋಡೆಯೂ ಅದೇ ಲೆಕ್ಕದಲ್ಲಿ ದಪ್ಪವಾದರೆ, 3 ಮಿ.ಮೀ. ಕಾಂಡಕ್ಕಿಂತ 4 ಮಿ.ಮೀ. ಕಾಂಡ ಬಾಗದೆ ನಿಲ್ಲುವ ಬಿಗಿ ಸುಮಾರು ಮೂರು ಪಟ್ಟು. ಒಂದು ಮಿಲಿಮೀಟರ್ ಅಂತ ತಳ್ಳಿಹಾಕುವ ಹಾಗಿಲ್ಲ! ಅದರಲ್ಲೂ ನೆಲದಿಂದ ಮೇಲಿನ ಮೊದಲ ಒಂದೆರಡು ಗೆಣ್ಣುಗಳ ನಡುವಿನ ಭಾಗವೇ ನಿರ್ಣಾಯಕ. ತೆನೆಯ ಭಾರ, ಗಾಳಿಯ ಎಳೆತ ಎಲ್ಲ ಬಂದು ಬೀಳುವುದು ಅಲ್ಲಿಗೆ. ಆ ಭಾಗ ನೀಳುವುದು ಬಿತ್ತಿ ಒಂದೂವರೆ ತಿಂಗಳ ಆಸುಪಾಸಿನಲ್ಲಿ. ಆಗ ಯೂರಿಯಾ ಜಾಸ್ತಿಯಾಗಿದ್ದರೆ, ಬೀಜ ಒತ್ತಾಗಿ ಬಿದ್ದಿದ್ದರೆ, ಬುಡಕ್ಕೆ ಬೆಳಕು ಹೋಗುವುದಿಲ್ಲ. ಬೆಳಕಿಗಾಗಿ ಗಿಡ ಬುಡದಲ್ಲೇ ಉದ್ದ ಎಳೆದುಕೊಳ್ಳುತ್ತದೆ, ಗೋಡೆ ತೆಳ್ಳಗಾಗುತ್ತದೆ, ಲಿಗ್ನಿನ್ನೂ ಕಮ್ಮಿ. ಹೊಲ ಮಾತ್ರ ಹಚ್ಚಗೆ ಕಾಣುತ್ತಿರುತ್ತದೆ, ನೋಡಿದವರೆಲ್ಲ ಹೊಗಳುತ್ತಾರೆ. ಮಾರ್ಚಿನ ಗಾಳಿಗೆ ಬಂಡವಾಳ ಬಯಲಾಗುತ್ತದೆ.

ಎತ್ತರದ್ದು ಬೇರೆಯೇ ಮಾತು. ಜಪಾನಿನಲ್ಲಿ 1935ರಲ್ಲಿ ಬಂದ ನೋರಿನ್ 10 ಅನ್ನುವ ಗಿಡ್ಡ ಗೋಧಿಯ ಜೀನ್‌ಗಳೇ ಹಸಿರು ಕ್ರಾಂತಿಯ ವಿಜ್ಞಾನಿ ಬೋರ್ಲಾಗ್ ಅವರ ಮೆಕ್ಸಿಕೋ ತಳಿಗಳ ಮೂಲಕ ನಮ್ಮ ದೇಶಕ್ಕೆ ಬಂದವು. 1966ರಲ್ಲಿ 18,000 ಟನ್ ಬೀಜ ತರಿಸಿದ್ದು ಇದೇ ಸಾಲಿನದು. ಕಾಂಡ ನೀಳಿಸುವ ಜಿಬ್ಬರೆಲಿನ್ ಹಾರ್ಮೋನಿಗೆ ಈ ಗಿಡಗಳು ಸರಿಯಾಗಿ ಓಗೊಡುವುದಿಲ್ಲ, ಅದಕ್ಕೇ ಗಿಡ್ಡ. ಗಿಡ್ಡವಾದರೆ ಗಾಳಿಗೆ ಹಿಡಿತ ಕಮ್ಮಿ. ಹಾಗಂತ ಕಾಂಡದ ಗೋಡೆ ತಾನಾಗೇ ಗಟ್ಟಿಯಾಗುವುದಿಲ್ಲ. ಗೊಬ್ಬರ ಸುರಿದರೆ ಗಿಡ್ಡ ತಳಿಯೂ ಬೀಳುತ್ತದೆ.

ಇನ್ನು ನಿಮ್ಮ ಹೊಲ. ಮಲಗಿದ ಗಿಡವನ್ನು ಮೆಲ್ಲಗೆ ಎತ್ತಿ ಬುಡ ನೋಡಿ. ಕಾಂಡವೇ ಮಡಚಿದ್ದರೆ ಮೇಲೆ ಹೇಳಿದ್ದೇ ಕಥೆ. ಕಾಂಡ ನೆಟ್ಟಗಿದ್ದು ಬೇರು ಸಮೇತ ವಾಲಿದ್ದರೆ ಮಣ್ಣು ಹಿಡಿತ ಬಿಟ್ಟಿದೆ ಅಂತ ಅರ್ಥ. ತೆನೆ ತುಂಬಿದ ಮೇಲೆ ನೀರು ಹಾಯಿಸಿ, ಅವತ್ತೇ ಗಾಳಿ ಬಂದರೆ ಹೀಗಾಗುತ್ತದೆ. ಗಾಳಿಯ ಸುಳಿವಿದ್ದ ದಿನ ನೀರು ಬಿಡದಿರುವುದೇ ಇದಕ್ಕೆ ಮದ್ದು. ಹಸಿರಿದ್ದಾಗ ಮಲಗಿದ್ದರೆ ಎತ್ತಿ ಕಟ್ಟಲು ಹೋಗಬೇಡಿ. ಗೆಣ್ಣಿನ ಕೆಳಮಗ್ಗುಲು ಬೆಳೆದು ತೆನೆ ತಾನೇ ಮೇಲೇಳುತ್ತದೆ. ನೀವು ಕೈಹಾಕಿದರೆ ಇನ್ನಷ್ಟು ಮುರಿಯುತ್ತದೆ.

ಮುಂದಿನ ಹಿಂಗಾರಿಗೆ ಖಪ್ಲಿಯೇ ಬೇಕಂದರೆ ಹಳೆಯ ಎತ್ತರದ ತಳಿ ಬಿಡಿ. ಪುಣೆಯ ಅಘರ್ಕರ್ ಸಂಶೋಧನಾ ಸಂಸ್ಥೆಯ ಎಂಎಸಿಎಸ್ 2971 ಇದೆ, ಧಾರವಾಡ ಕೃಷಿ ವಿಶ್ವವಿದ್ಯಾಲಯದ ಡಿಡಿಕೆ 1029 ಇದೆ, ಎರಡೂ ಗಿಡ್ಡ. ಯೂರಿಯಾ ಒಂದೇ ಸಲ ಸುರಿಯದೆ ಕಂತಿನಲ್ಲಿ ಕೊಡಿ. ಕೂರಿಗೆಯಲ್ಲಿ ಬೀಜ ಸುಮಾರು 5 ಸೆಂ.ಮೀ.ಗಿಂತ ಆಳ ಬೀಳದಂತೆ ನೋಡಿಕೊಳ್ಳಿ. ಗಿಡ್ಡ ತಳಿಗಳಲ್ಲಿ ಎಷ್ಟೋ ಸಲ ಮಣ್ಣು ಸೀಳಿ ಬರುವಾಗ ಎಳೆ ಎಲೆಯನ್ನು ಕಾಯುವ ಮೊಳಕೆಯ ಪೊರೆಯೂ ಗಿಡ್ಡವೇ, ಆಳದಿಂದ ಮೇಲೆ ಬರಲು ಒದ್ದಾಡುತ್ತದೆ.