ಕೂತಲ್ಲೇ ಗೆರೆ: ಪ್ರಯಾಣ ಮತ್ತು ಸ್ಕೆಚ್ ಬುಕ್ ಬಗ್ಗೆ ನಿಮ್ಮ ಪ್ರಶ್ನೆಗಳು

ಪತ್ರಿಕೆಗಳಿಗೆ, ಪುಸ್ತಕಗಳಿಗೆ ಚಿತ್ರ ಬರೆಯುವ ಕೆಲಸ ನನ್ನದು. ಈ ಸಲ ಬಂದ ಪತ್ರಗಳಲ್ಲಿ ಮುಕ್ಕಾಲು ಪಾಲು ಎದುರಿಗೆ ಕಂಡದ್ದನ್ನು ಅಲ್ಲೇ ಕೂತು ಬಿಡಿಸುವುದರ ಬಗ್ಗೆಯೇ ಇದ್ದವು. ಒಂದೇ ಮಾತನ್ನು ಹಲವರು ಕೇಳಿದ್ದಲ್ಲಿ ಸೇರಿಸಿ ಒಂದು ಪ್ರಶ್ನೆ ಮಾಡಿದ್ದೇನೆ.

ಪ್ರಶ್ನೆ: ನಾನು ಪೆನ್ಸಿಲ್ ಎತ್ತಿಕೊಳ್ಳುವಷ್ಟರಲ್ಲಿ ಎದುರಿಗಿದ್ದವರು ಎದ್ದೇ ಹೋಗಿರುತ್ತಾರೆ. ಕೂತವರೂ ಅಲ್ಲಾಡುತ್ತಲೇ ಇರುತ್ತಾರೆ. ಪುಸ್ತಕ ತುಂಬಾ ಅರ್ಧಂಬರ್ಧ ಚಿತ್ರಗಳೇ. ಏನು ಮಾಡಲಿ ಮೇಡಂ?

ಹೋಗಲಿ ಬಿಡಿ. ಅವರೇನು ನಿಮಗೆ ಪೋಸ್ ಕೊಡಲು ಬಂದವರಲ್ಲವಲ್ಲ.

ನೀವು ಮುಖದಿಂದ ಶುರು ಮಾಡುತ್ತಿದ್ದೀರಿ ಅಂತ ನನ್ನ ಗುಮಾನಿ. ಬಹಳ ಜನ ಕಣ್ಣು, ಮೂಗು ಅಂತ ಶುರು ಮಾಡಿ, ಹುಬ್ಬು ತಿದ್ದುವ ಹೊತ್ತಿಗೆ ಆಸಾಮಿ ಬಸ್ ಹತ್ತಿರುತ್ತಾನೆ. ಮೊದಲು ಮೈಯ ವಾಲು ಹಿಡಿಯಿರಿ. ನೆತ್ತಿಯಿಂದ ಬೆನ್ನಿನ ಗುಂಟ ಸೊಂಟದವರೆಗೆ ಒಂದೇ ಗೆರೆ. ಎರಡು ಭುಜ ಸೇರಿಸಿ ಇನ್ನೊಂದು ಗೆರೆ, ಅದು ಎತ್ತ ಓರೆಯಾಗಿದೆ ನೋಡಿಕೊಂಡು. ಭಾರ ಯಾವ ಕಾಲಿನ ಮೇಲಿದೆ, ಅದೊಂದು. ಇಷ್ಟಕ್ಕೆ ಅರ್ಧ ನಿಮಿಷ ಸಾಕು, ಆಮೇಲೆ ಅವರು ಎದ್ದು ಹೋದರೂ ನಿಮ್ಮ ಹತ್ತಿರ ಒಂದು ಆಕಾರ ಉಳಿದಿರುತ್ತದೆ.

ಇನ್ನೊಂದು ವಿಷಯ, ಕೂತ ಮನುಷ್ಯ ಅಲ್ಲಾಡುತ್ತಾನೆ ನಿಜ, ಆದರೆ ತಿರುಗಿ ಅದೇ ಭಂಗಿಗೆ ಬರುತ್ತಾನೆ. ಮೊಬೈಲ್ ನೋಡುತ್ತಿರುವವರನ್ನು ಸ್ವಲ್ಪ ಹೊತ್ತು ಸುಮ್ನೆ ಗಮನಿಸಿ. ಕತ್ತೆತ್ತುತ್ತಾರೆ, ಕಿಟಕಿ ನೋಡುತ್ತಾರೆ, ಕಾಲು ಬದಲಿಸುತ್ತಾರೆ, ಮತ್ತೆ ತಲೆ ತಗ್ಗಿಸುತ್ತಾರೆ. ಹಾಗಾಗಿ ಒಂದೇ ಹಾಳೆಯಲ್ಲಿ ಅದೇ ಮನುಷ್ಯನ ಮೂರು ನಾಲ್ಕು ಚಿತ್ರ ಒಟ್ಟಿಗೆ ನಡೆಸಿ. ಕತ್ತೆತ್ತಿದಾಗ ಈ ಚಿತ್ರ, ತಗ್ಗಿಸಿದಾಗ ಆ ಚಿತ್ರ. ಕೈಯಲ್ಲಿ ಒಂದೇ ಕೆಲಸವನ್ನು ಮತ್ತೆ ಮತ್ತೆ ಮಾಡುವವರು ಸಿಕ್ಕರೆ ಇನ್ನೂ ಸಲೀಸು: ಬಟ್ಟೆ ಹೊಲಿಯುವವರು, ಕೂದಲು ಕತ್ತರಿಸುವವರು, ವಾದ್ಯ ನುಡಿಸುವವರು.

ಕಲಿಯುವುದಕ್ಕೆ ಎಲ್ಲರಿಗಿಂತ ಒಳ್ಳೆಯವರು ರೈಲಿನಲ್ಲಿ ನಿದ್ದೆ ಹೋದವರು. ಕತ್ತು ಒಂದು ಕಡೆ ಬಿದ್ದಿರುತ್ತದೆ. ಆ ಬದಿಯಲ್ಲಿ ಕಿವಿ ಹೆಚ್ಚುಕಮ್ಮಿ ಭುಜಕ್ಕೆ ಬಂದು, ಕತ್ತು ಅನ್ನುವುದೇ ಮಾಯವಾಗಿ ಅಂಗಿಯ ಕಾಲರಿನ ಸುಕ್ಕುಗಳಷ್ಟೇ ಕಾಣುತ್ತವೆ. ಇನ್ನೊಂದು ಬದಿಯಲ್ಲಿ ಕಿವಿಯ ಕೆಳಗಿಂದ ಭುಜದ ತುದಿಯವರೆಗೆ ಉದ್ದನೆಯ, ಬಿಗಿಯಾದ ಒಂದು ಗೆರೆ. ಗದ್ದ ಎದೆಯ ಕಡೆ ಇಳಿದಿರುವುದರಿಂದ ಮೂಗಿನ ಕೆಳಗಿನ ಮುಖ ಗಿಡ್ಡವಾಗಿ ಕಾಣುತ್ತದೆ, ತಲೆಯ ಮೇಲ್ಭಾಗ ದೊಡ್ಡದಾಗಿ ಕಾಣುತ್ತದೆ. ತೊಡೆಯ ಮೇಲಿನ ಅಂಗೈ ಮೇಲ್ಮುಖವಾಗಿ, ಬೆರಳುಗಳು ಅರ್ಧ ಮಡಚಿ. ಇವಿಷ್ಟು ಬಂದರೆ ಕಣ್ಣು ಬರೆಯದಿದ್ದರೂ ಅದು ನಿದ್ದೆಯೇ.

ಅರ್ಧಕ್ಕೆ ನಿಂತದ್ದನ್ನು ಮನೆಗೆ ಬಂದು ಊಹೆಯ ಮೇಲೆ ಪೂರ್ತಿ ಮಾಡಬೇಡಿ. ಹಾಗೆ ಮಾಡಿದಾಗ ಕಂಡದ್ದು ಯಾವುದು, ಕಟ್ಟಿದ್ದು ಯಾವುದು ಅಂತ ಆಮೇಲೆ ನಿಮಗೇ ಗೊತ್ತಾಗುವುದಿಲ್ಲ. ನನ್ನ ಮಟ್ಟಿಗೆ ಸ್ಕೆಚ್ ಬುಕ್ ಅಂದರೆ ಮೇಜಿನ ಕೆಲಸಕ್ಕೆ ಬೇಕಾದ ಸರಕು, ಪ್ರದರ್ಶನಕ್ಕೆ ಇಟ್ಟ ಮಾಲು ಅಲ್ಲ. ಒಂದು ಮೊಣಕೈ ಸರಿಯಾಗಿ ಮಡಚಿದ್ದರೆ ಆ ಪುಟ ಗೆದ್ದ ಹಾಗೆ.

ಪ್ರಶ್ನೆ: ಗುಂಪು ಬಿಡಿಸಿದರೆ ಕೆಲವರು ಗಾಳಿಯಲ್ಲಿ ತೇಲುತ್ತಾರೆ, ಕೆಲವರು ಕುಳ್ಳರಾಗುತ್ತಾರೆ.

ನೀವು ನಿಂತು ಬಿಡಿಸುತ್ತಿದ್ದರೆ, ಸಮತಟ್ಟಾದ ನೆಲದಲ್ಲಿ, ಹೆಚ್ಚುಕಮ್ಮಿ ನಿಮ್ಮಷ್ಟೇ ಎತ್ತರದವರ ತಲೆಗಳೆಲ್ಲ ನಿಮ್ಮ ಕಣ್ಣಿನ ಮಟ್ಟದ ಒಂದೇ ಗೆರೆಯ ಮೇಲೆ ಬರುತ್ತವೆ. ಹತ್ತಿರದವರ ಪಾದ ಹಾಳೆಯಲ್ಲಿ ಕೆಳಗೆ ಬರುತ್ತದೆ, ದೂರದವರದು ಮೇಲೆ. ತಲೆಗಳು ಮಾತ್ರ ಒಂದೇ ಸಾಲು. ಮೊದಲೇ ಆ ಗೆರೆಯನ್ನು ತೆಳ್ಳಗೆ ಎಳೆದುಕೊಳ್ಳಿ. ಕೂತು ಬಿಡಿಸಿದರೆ ಗೆರೆ ಅವರ ಎದೆಗೋ ಸೊಂಟಕ್ಕೋ ಇಳಿಯುತ್ತದೆ, ಎಲ್ಲರಿಗೂ ಅದೇ ಜಾಗಕ್ಕೆ. ಇಷ್ಟೇ ಗುಟ್ಟು.

ಪ್ರಶ್ನೆ: ಮೊದಲ ಸಲ ದೂರ ಪ್ರಯಾಣ ಹೊರಟಿದ್ದೇನೆ. ಬಣ್ಣ, ಪೆನ್ನು, ಕಾಗದ ಏನೇನು ಒಯ್ಯಲಿ? ನನ್ನ ಪಟ್ಟಿ ಈಗಾಗಲೇ ಎರಡು ಪುಟ ದಾಟಿದೆ.

ಪಟ್ಟಿ ಹರಿದು ಹಾಕಿ. ಜಾಸ್ತಿ ಸಾಮಾನು ಇದ್ದಷ್ಟೂ ಚೀಲ ಬಿಚ್ಚಲು ಬೇಜಾರಾಗುತ್ತದೆ, ಚೀಲ ಬಿಚ್ಚದಿದ್ದರೆ ಚಿತ್ರ ಇಲ್ಲ.

ಪುಸ್ತಕ ಎ5 ಅಳತೆಯದು, ಗಟ್ಟಿ ರಟ್ಟಿನದು ಇರಲಿ. ನಿಂತುಕೊಂಡು ಒಂದು ಕೈಯಲ್ಲಿ ಹಿಡಿದು ಬರೆಯಬಹುದು. ಬರೀ ಪೆನ್ನು, ಪೆನ್ಸಿಲ್ ಆದರೆ 100 ಜಿಎಸ್‌ಎಂ (ಒಂದು ಚದರ ಮೀಟರ್ ಕಾಗದ ಎಷ್ಟು ಗ್ರಾಂ ತೂಗುತ್ತದೆ ಅನ್ನುವ ಲೆಕ್ಕ) ಕಾಗದ ಸಾಕು. ತೆಳ್ಳಗೆ ಬಣ್ಣದ ವಾಷ್, ಅಂದರೆ ನೀರು ಬೆರೆಸಿದ ತಿಳಿ ಬಣ್ಣ, ಕೊಡುವುದಿದ್ದರೆ 200 ಸುತ್ತಮುತ್ತ ನೋಡಿ. ನೀರು ಹರಿಸಿ ಜಲವರ್ಣವನ್ನೇ ಮಾಡುವವರಿಗೆ 300 ಬೇಕು, ಇಲ್ಲದಿದ್ದರೆ ಹಾಳೆ ಉಬ್ಬಿಕೊಳ್ಳುತ್ತದೆ. ಗಾಳಿಗೆ ಹಾಳೆ ಹಾರದಂತೆ ಎರಡು ಕ್ಲಿಪ್. ಇದನ್ನು ಯಾರೂ ಪಟ್ಟಿಯಲ್ಲಿ ಬರೆಯುವುದಿಲ್ಲ, ಎಲ್ಲರಿಗೂ ಬೇಕಾಗುತ್ತದೆ.

ಪೆನ್ನಿನ ಮೇಲೆ ಬಣ್ಣ ಹಚ್ಚುವವರು ಶಾಯಿ ನೋಡಿ ತೆಗೆದುಕೊಳ್ಳಿ. ಸಾಮಾನ್ಯ ಫೌಂಟನ್ ಪೆನ್ ಶಾಯಿ ಬಹುಪಾಲು ಡೈ ಶಾಯಿ, ಅಂದರೆ ನೀರಿನಲ್ಲಿ ಕರಗಿದ ಬಣ್ಣ, ನೀರು ತಾಗಿದರೆ ಹರಡುತ್ತದೆ. ಪಿಗ್ಮೆಂಟ್ ಶಾಯಿ, ಅಂದರೆ ಕರಗದ ಬಣ್ಣದ ಪುಡಿ ಇರುವಂಥದ್ದು, ಒಣಗಿದ ಮೇಲೆ ಕದಲುವುದಿಲ್ಲ. ಒಂದು ಗೆರೆ ಎಳೆದು, ಚೆನ್ನಾಗಿ ಆರಲು ಬಿಟ್ಟು, ಒದ್ದೆ ಬ್ರಷ್ ಆಡಿಸಿದರೆ ತಿಳಿಯುತ್ತದೆ. ನೀರಿಗೆ ಜಗ್ಗಲ್ಲ ಅಂತ ಇಂಡಿಯನ್ ಇಂಕ್ ತಂದು ಫೌಂಟನ್ ಪೆನ್ನಿಗೆ ತುಂಬಬೇಡಿ. ಅದರಲ್ಲಿ ಸಾಮಾನ್ಯವಾಗಿ ಅರಗು ಇರುತ್ತದೆ, ಒಳಗೆ ಒಣಗಿ ಪೆನ್ನು ಕಟ್ಟಿಕೊಳ್ಳುತ್ತದೆ. ಅದು ಅದ್ದಿ ಬರೆಯುವ ನಿಬ್ಬಿಗೆ, ಬ್ರಷ್ಷಿಗೆ.

ಬಣ್ಣ ಆರೋ ಎಂಟೋ ಇದ್ದರೆ ಧಾರಾಳ. ಎರಡು ನೀಲಿ, ಎರಡು ಕೆಂಪು, ಒಂದು ಹಳದಿ, ಒಂದು ಮಣ್ಣಿನ ಬಣ್ಣ. ಹಸಿರನ್ನು ನೀವೇ ಬೆರೆಸಿ. ಡಬ್ಬಿಯಿಂದ ನೇರ ಬಂದ ಹಸಿರು ಎಲ್ಲ ಮರಗಳನ್ನೂ ಪ್ಲಾಸ್ಟಿಕ್ ಮಾಡುತ್ತದೆ.

ವಿಮಾನದಲ್ಲಿ ಹೋಗುವವರಿಗೆ ಎರಡು ಮಾತು. ಪೆನ್ಸಿಲ್ ಚೂಪು ಮಾಡುವ ಬ್ಲೇಡು ಕೈಚೀಲದಲ್ಲಿ ಬೇಡ, ತಪಾಸಣೆಯಲ್ಲಿ ತೆಗೆದಿಟ್ಟುಕೊಳ್ಳುತ್ತಾರೆ, ಮೆಂಡರ್ ಸಾಕು. ಫೌಂಟನ್ ಪೆನ್ನು ಪೂರ್ತಿ ತುಂಬಿರಲಿ, ಇಲ್ಲವೇ ಪೂರ್ತಿ ಖಾಲಿ ಇರಲಿ. ವಿಮಾನ ಮೇಲೇರಿದಾಗ ಒಳಗಿನ ಒತ್ತಡ ಇಳಿಯುತ್ತದೆ, ಅರ್ಧ ತುಂಬಿದ ಪೆನ್ನಿನೊಳಗಿನ ಗಾಳಿ ಹಿಗ್ಗಿ ಶಾಯಿಯನ್ನು ಹೊರಗೆ ತಳ್ಳುತ್ತದೆ. ನಿಬ್ಬು ಮೇಲೆ ಮಾಡಿ ಇಟ್ಟುಕೊಳ್ಳಿ.

ಪ್ರಶ್ನೆ: ರಬ್ಬರ್ ಬೇಡ ಅನ್ನುತ್ತಾರಲ್ಲ, ಯಾಕೆ?

ಉಜ್ಜುವ ಹೊತ್ತಿನಲ್ಲಿ ನೋಡುವುದು ನಿಲ್ಲುತ್ತದೆ, ಅದಕ್ಕೆ. ತಪ್ಪು ಗೆರೆಯ ಪಕ್ಕದಲ್ಲೇ ಸರಿ ಗೆರೆ ಎಳೆಯಿರಿ, ಎರಡೂ ಇರಲಿ. ಜರ್ಮನಿಯ ಚಿತ್ರಕಾರ ಆಲ್ಬ್ರೆಕ್ಟ್ ಡ್ಯೂರರ್ 1520-21ರಲ್ಲಿ ನೆದರ್‌ಲ್ಯಾಂಡ್ಸ್ ಕಡೆ ಪ್ರಯಾಣ ಹೋದಾಗ ಜತೆಗೆ ಒಯ್ದದ್ದು ಬೆಳ್ಳಿ ಕಡ್ಡಿಯಿಂದ ಬರೆಯುವ ಒಂದು ಪುಟ್ಟ ಪುಸ್ತಕ. ಲೇಪ ಹಚ್ಚಿದ ಹಾಳೆಯ ಮೇಲೆ ಬೆಳ್ಳಿಯ ತುದಿ ಎಳೆದರೆ ಗೆರೆ ಬೀಳುತ್ತದೆ. ಕೈ ತಾಗಿದರೆ ಮಸುಕಾಗುವುದಿಲ್ಲ, ಉಜ್ಜಿದರೆ ಸುಲಭಕ್ಕೆ ಹೋಗುವುದೂ ಇಲ್ಲ. ಆತ ಅದರಲ್ಲೇ ಮುಖ, ಕಟ್ಟಡ, ಪ್ರಾಣಿ ಎಲ್ಲ ಬರೆದ. ಪಕ್ಕದಲ್ಲಿ ದಿನಚರಿ ಬೇರೆ, ಅದರಲ್ಲಿ ಎಲ್ಲಿ ಎಷ್ಟು ಖರ್ಚಾಯಿತು ಅನ್ನುವ ಲೆಕ್ಕವೂ ಇದೆ! ಚಿತ್ರಕಾರರ ಚಿಂತೆ ಐನೂರು ವರ್ಷದಿಂದ ಅದೇ ನೋಡಿ.

ಪ್ರಶ್ನೆ: ಫೋಟೋ ತೆಗೆದುಕೊಂಡು ಬಂದು ಮನೆಯಲ್ಲಿ ನಿಧಾನಕ್ಕೆ ಬಿಡಿಸಿದರೆ ತಪ್ಪಾ?

ತಪ್ಪೇನಿಲ್ಲ, ಅದು ಬೇರೆ ಕೆಲಸ ಅಷ್ಟೆ. 2007ರಲ್ಲಿ ಗೇಬ್ರಿಯಲ್ ಕಂಪನಾರಿಯೋ ಎಂಬ ಪತ್ರಕರ್ತ-ಚಿತ್ರಕಾರ ಸಿಯಾಟಲ್‌ನಲ್ಲಿ ಶುರು ಮಾಡಿದ ಅರ್ಬನ್ ಸ್ಕೆಚರ್ಸ್ ಬಳಗ ಈಗ ಹಲವು ದೇಶಗಳಲ್ಲಿದೆ. ಅವರ ಮೊದಲ ಮಾತೇ ಸ್ಥಳದಲ್ಲೇ ಕೂತು, ಕಣ್ಣಾರೆ ಕಂಡದ್ದನ್ನು ಬಿಡಿಸಬೇಕು ಅಂತ. ಅಷ್ಟು ಕಟ್ಟುನಿಟ್ಟು ನನಗಿಲ್ಲ. ಆದರೆ ಫೋಟೋ ಏನು ಕಳೆಯುತ್ತದೆ ಅನ್ನುವುದು ಗೊತ್ತಿರಲಿ. ಮೊಬೈಲಿನ ಅಗಲ ಲೆನ್ಸು ಅಂಚಿನಲ್ಲಿದ್ದದ್ದನ್ನು ಎಳೆದು ಹಿಗ್ಗಿಸುತ್ತದೆ, ಬಿಸಿಲು ಜೋರಿದ್ದರೆ ನೆರಳನ್ನೆಲ್ಲ ಕಪ್ಪು ಮಾಡಿಬಿಡುತ್ತದೆ. ನೀವು ಅಲ್ಲೇ ನಿಂತು ನೋಡಿದ್ದರೆ ಆ ನೆರಳಿನೊಳಗೆ ನೀಲಿ ಇತ್ತು, ಎದುರಿನ ಗೋಡೆಯಿಂದ ಪುಟಿದ ಕೆಂಪು ಇತ್ತು. ಎಲ್ಲಕ್ಕಿಂತ ಮುಖ್ಯ, ಕ್ಯಾಮೆರಾ ಎಲ್ಲವನ್ನೂ ಒಂದೇ ಸಮ ತಗೊಳ್ಳುತ್ತದೆ. ಯಾವುದನ್ನು ಬಿಡಬೇಕು ಅನ್ನುವ ತೀರ್ಮಾನ ನೀವು ಮಾಡಲೇ ಇಲ್ಲ.

ಚಿತ್ರದ ಪಕ್ಕದಲ್ಲಿ ಮಾತಿನಲ್ಲಿ ಬರೆದಿಟ್ಟುಕೊಳ್ಳಿ. ಫ್ರಾನ್ಸಿನ ಚಿತ್ರಕಾರ ಯೂಜೀನ್ ಡೆಲಕ್ರೋವಾ 1832ರಲ್ಲಿ ರಾಯಭಾರಿಗಳ ತಂಡದ ಜತೆ ಮೊರಾಕೊಗೆ ಹೋದಾಗ ಮಾಡಿದ್ದು ಇದನ್ನೇ. ಬೇಗ ಬೇಗ ಗೆರೆ, ಅಲ್ಲಲ್ಲಿ ಒಂದಿಷ್ಟು ಜಲವರ್ಣ, ಉಳಿದ ಕಡೆ ಯಾವ ಬಟ್ಟೆ ಯಾವ ಬಣ್ಣ ಅಂತ ಅಕ್ಷರದಲ್ಲಿ ಟಿಪ್ಪಣಿ. ಆ ಪ್ರಯಾಣದ ಸರಕಿನಿಂದ ಆತ ಸಾಯುವವರೆಗೂ, ಅಂದರೆ 1863ರವರೆಗೆ, ದೊಡ್ಡ ಚಿತ್ರಗಳನ್ನು ಬರೆಯುತ್ತಲೇ ಇದ್ದ. ಹಾಳೆಯಲ್ಲಿ 'ಗೋಡೆ, ಬೂದಿಗಿಂತ ಸ್ವಲ್ಪ ಹಳದಿ' ಅಂತ ಒಂದು ಸಾಲು ಇದ್ದರೆ ಅದು ಹತ್ತು ಫೋಟೋಗಿಂತ ಹೆಚ್ಚು ನೆನಪಿಸುತ್ತದೆ. ಫೋಟೋನೂ ತೆಗೆಯಿರಿ, ಆದರೆ ಬಿಡಿಸಿ ಮುಗಿದ ಮೇಲೆ. ಮೊದಲೇ ತೆಗೆದರೆ ಹೇಗೂ ಫೋಟೋ ಇದೆಯಲ್ಲ ಅಂತ ಕೈ ಸೋಮಾರಿಯಾಗುತ್ತದೆ.

ಪ್ರಶ್ನೆ: ಬಣ್ಣ ಮುಗಿಸುವ ಹೊತ್ತಿಗೆ ಬೆಳಕೇ ಬದಲಾಗಿರುತ್ತದೆ. ಮನೆಗೆ ಬಂದು ನೋಡಿದರೆ ಚಿತ್ರವೆಲ್ಲ ಮಂಕು.

ಸೂರ್ಯ ಗಂಟೆಗೆ 15 ಡಿಗ್ರಿ ಸರಿಯುತ್ತಾನೆ. ಬೆಳಗ್ಗೆ, ಸಂಜೆ ಆದರೆ ನೆರಳಿನ ಉದ್ದ ಕಣ್ಣೆದುರಿಗೇ ಬದಲಾಗುತ್ತದೆ. ಹಾಗಾಗಿ ಮೊದಲು ನೆರಳಿನ ಅಂಚು ಗುರುತು ಮಾಡಿ, ಒಂದೇ ತಿಳಿ ಬಣ್ಣದಲ್ಲಿ ಎಲ್ಲ ನೆರಳೂ ಹಾಕಿಬಿಡಿ. ಆಮೇಲೆ ಸೂರ್ಯ ಎಲ್ಲಿಗೆ ಹೋದರೂ ನೀವು ಮೊದಲು ಹಾಕಿದ್ದಕ್ಕೇ ಅಂಟಿಕೊಳ್ಳಿ. ಬೆನ್ನಟ್ಟಿ ಹೋದರೆ ಒಂದೇ ಚಿತ್ರದಲ್ಲಿ ಕಂಬದ ನೆರಳು ಪಶ್ಚಿಮಕ್ಕೆ, ಮರದ ನೆರಳು ಪೂರ್ವಕ್ಕೆ ಬಿದ್ದಿರುತ್ತದೆ.

ಮಂಕಾಗುವುದಕ್ಕೆ ಕಾರಣ, ಹಾಳೆ ಬಿಸಿಲಿನಲ್ಲಿ ಇಟ್ಟುಕೊಂಡಿರುತ್ತೀರಿ. ಬಿಸಿಲಿಗೆ ಹಾಳೆ ಹೊಳೆಯುವುದರಿಂದ ಹಾಕಿದ ಬಣ್ಣ ತಿಳಿಯಾಗಿ ಕಾಣುತ್ತದೆ, ನೀವು ಇನ್ನಷ್ಟು ಹಾಕುತ್ತೀರಿ, ಒಳಗೆ ತಂದರೆ ಕತ್ತಲು. ಹಾಳೆಗೆ ನೆರಳು ಸಿಗುವ ಹಾಗೆ ಕೂರಿ. ಕಪ್ಪು ಕನ್ನಡಕ ಹಾಕಿಕೊಂಡು ಬಣ್ಣ ಬೆರೆಸುವವರನ್ನೂ ನೋಡಿದ್ದೇನೆ, ಅವರಿಗೆ ಏನು ಹೇಳಲಿ.

ಪ್ರಶ್ನೆ: ಜನ ಬಂದು ಬಗ್ಗಿ ನೋಡುತ್ತಾರೆ. ನಾಚಿಕೆ. ಮತ್ತೆ, ಅವರನ್ನು ಕೇಳದೆ ಬಿಡಿಸುವುದು ಸರಿಯೇ?

ನಾಚಿಕೆಗೆ ಔಷಧ ಗೋಡೆ. ಬೆನ್ನು ಗೋಡೆಗೆ ಕೊಟ್ಟು ಕೂತರೆ ಹಿಂದಿನಿಂದ ಯಾರೂ ಇಣುಕುವುದಿಲ್ಲ. ಆದರೂ ಬಂದರೆ ಪುಸ್ತಕ ಅವರ ಕಡೆಗೇ ತಿರುಗಿಸಿ. ಮುಚ್ಚಿಟ್ಟರೆ ಅನುಮಾನ ಬರುತ್ತದೆ, ತೋರಿಸಿದರೆ ನಗುತ್ತಾರೆ, ಕೆಲವರು ಅಲ್ಲೇ ನಿಂತು ಕಥೆ ಹೇಳಲು ಶುರು ಮಾಡುತ್ತಾರೆ.

ಕೇಳುವ ವಿಚಾರಕ್ಕೆ ನನ್ನ ಲೆಕ್ಕ ಹೀಗೆ. ದೂರದ ಬೆನ್ನು, ಗುಂಪಿನಲ್ಲೊಂದು ಆಕಾರ, ಇದಕ್ಕೆ ಯಾರನ್ನೂ ಕೇಳುವುದಿಲ್ಲ. ಗುರುತು ಸಿಗುವ ಮುಖ, ಹತ್ತಿರದಿಂದ, ಅದೂ ಹತ್ತು ನಿಮಿಷ ದಿಟ್ಟಿಸಿ ನೋಡಬೇಕು ಅಂದರೆ ಕೇಳುತ್ತೇನೆ. ಮಕ್ಕಳಾದರೆ ದೊಡ್ಡವರನ್ನು ಕೇಳಲೇಬೇಕು. ಬೇಡ ಅಂದರೆ ಹಾಳೆ ತಿರುಗಿಸಿ, ವಾದ ಬೇಡ. ಆಸ್ಪತ್ರೆ, ಸಾವಿನ ಮನೆ, ಪ್ರಾರ್ಥನೆಯ ಜಾಗ, ಇಲ್ಲೆಲ್ಲ ಪೆನ್ನು ಜೇಬಿನಲ್ಲೇ ಇರಲಿ, ಯಾರಾದರೂ ಬರೆಯಿರಿ ಅಂತ ಹೇಳಿದರೆ ಮಾತ್ರ ತೆಗೆಯಿರಿ. ಸೇನೆಯ ಜಾಗ, ಗಡಿ, ಫೋಟೋ ನಿಷೇಧ ಇರುವಲ್ಲಿ ಚಿತ್ರವೂ ಬೇಡ. ಮ್ಯೂಸಿಯಮ್ಮುಗಳಲ್ಲಿ ಪೆನ್ಸಿಲಿಗೆ ಬಿಟ್ಟು ಶಾಯಿ, ಬಣ್ಣಕ್ಕೆ ಬಿಡದಿರುವುದೇ ಜಾಸ್ತಿ, ಬಾಗಿಲಲ್ಲೇ ಕೇಳಿಕೊಂಡು ಹೋಗಿ.

ಪ್ರಶ್ನೆ: ನನಗೆ ಪ್ರಯಾಣವೇ ಇಲ್ಲ. ಮನೆ, ಕೆಲಸ, ಮನೆ. ಏನು ಬಿಡಿಸಲಿ?

ಈ ಪ್ರಶ್ನೆ ನನಗೆ ಬಹಳ ಇಷ್ಟ. ಹೊಸ ಊರಿನಲ್ಲಿ ಎಲ್ಲವೂ ಬಾ ಬಾ ಅಂತ ಕರೆಯುತ್ತದೆ, ಅಲ್ಲಿ ಚಿತ್ರ ಬಿಡಿಸುವುದು ದೊಡ್ಡ ಸಾಧನೆ ಅಲ್ಲ. ದಿನಾ ನೋಡುವ ಬಾಗಿಲಿನ ಹಿಂದೆ ಬಟ್ಟೆ ನೇತು ಹಾಕಿದ್ದೀರಲ್ಲ, ಅದನ್ನು ಬಿಡಿಸಿ. ಮೊಳೆಗೆ ಸಿಕ್ಕಿದ ಜಾಗದಲ್ಲಿ ಮಡಿಕೆಗಳೆಲ್ಲ ಒಂದೇ ಬಿಂದುವಿನಿಂದ ಹೊರಟು ಕೆಳಗೆ ಹೋಗುತ್ತಾ ಹರಡುತ್ತವೆ. ತೋಳು ಖಾಲಿ ಇದ್ದರೂ ಮೊಣಕೈ ಜಾಗದಲ್ಲಿ ಸುಕ್ಕು ಉಳಿದಿರುತ್ತದೆ. ಇದನ್ನು ಬಿಡಿಸಿ ಬಿಡಿಸಿ ಕಲಿತವರಿಗೆ ಮುಂದೆ ಯಾವ ದೇಶದ ಯಾವ ಉಡುಪೂ ಕಷ್ಟವಲ್ಲ.

ಹೊತ್ತು ಇಲ್ಲ ಅನ್ನಬೇಡಿ, ಕಾಯುವ ಹೊತ್ತು ಎಲ್ಲರಿಗೂ ಇದೆ. ಬಸ್ಸಿಗೆ, ಡಾಕ್ಟರಿಗೆ, ಫೋನಿನಲ್ಲಿ ಹೋಲ್ಡ್ ಹಾಕಿದವರಿಗೆ.

ಪ್ರಶ್ನೆ: ಸ್ಕೆಚ್ ಬುಕ್‌ನಿಂದ ದುಡ್ಡು ಬರುವ ಕೆಲಸ ಹೇಗೆ ಹುಟ್ಟುತ್ತದೆ?

ನೇರವಾಗಿ ಹುಟ್ಟುವುದು ಕಡಿಮೆ. ಸಂಪಾದಕರು 'ರೈಲು ನಿಲ್ದಾಣದಲ್ಲಿ ಕಾಯುವ ಮುದುಕಿ' ಅಂತ ಒಂದು ಸಾಲು ಕಳಿಸುತ್ತಾರೆ, ನಾಳೆ ಬೇಕು ಅನ್ನುತ್ತಾರೆ. ಆಗ ಹಳೆಯ ಪುಸ್ತಕ ತೆಗೆದರೆ ಒಂದರಲ್ಲಿ ಚೀಲ ಹಿಡಿದ ಕೈ, ಇನ್ನೊಂದರಲ್ಲಿ ಬೆಂಚಿನ ತುದಿಗೆ ಕೂರುವ ರೀತಿ, ಮತ್ತೊಂದರಲ್ಲಿ ಸೀರೆಯ ನೆರಿಗೆ ಸಿಗುತ್ತದೆ. ಮೂರೂ ಸೇರಿ ಒಬ್ಬ ಹೊಸ ಮುದುಕಿ. ನಿಜವಾದ ಯಾರ ಮುಖವೂ ಅಚ್ಚಾಗುವುದಿಲ್ಲ, ಆದರೂ ಎಲ್ಲವೂ ನಿಜವಾಗಿ ಕಂಡದ್ದೇ. ಪುಟವನ್ನೇ ಅಚ್ಚಿಗೆ ಕೊಡುವುದಾದರೆ ಅಚ್ಚಿನ ಅಳತೆಯಲ್ಲಿ ಸ್ಕ್ಯಾನ್ ಕನಿಷ್ಠ 300 ಡಿಪಿಐ (ಒಂದು ಇಂಚಿಗೆ ಎಷ್ಟು ಚುಕ್ಕಿ ಅನ್ನುವ ಲೆಕ್ಕ) ಇರಲಿ, ಬರೀ ಗೆರೆಯ ಚಿತ್ರಕ್ಕೆ 600 ಒಳ್ಳೆಯದು.

ಪ್ರಶ್ನೆ: ತುಂಬಿದ ಪುಸ್ತಕಗಳನ್ನು ಹೇಗೆ ಇಡುತ್ತೀರಿ?

ಬೆನ್ನಿನ ಮೇಲೆ ತಿಂಗಳು, ವರ್ಷ ಬರೆದು ಕಪಾಟಿನಲ್ಲಿ, ಗೋಡೆಯ ತೇವ ತಾಗದ ಹಾಗೆ. ಪೆನ್ಸಿಲ್ ಪುಟಗಳು ಒಂದಕ್ಕೊಂದು ಉಜ್ಜಿ ಮಸುಕಾಗುತ್ತವೆ, ನಡುವೆ ತೆಳು ಕಾಗದ ಇಡಿ, ಇಲ್ಲವೇ ಫಿಕ್ಸೆಟಿವ್, ಅಂದರೆ ಗೆರೆ ಅಳಿಸದಂತೆ ಹಿಡಿದಿಡುವ ಸ್ಪ್ರೇ, ಹೊಡೆಯಿರಿ. ಹೊಡೆಯುವಾಗ ಕಿಟಕಿ ತೆಗೆದಿರಲಿ. ಚಿತ್ರ ಗೋಡೆಗೆ ಹಾಕುವುದಿದ್ದರೆ ಬಿಸಿಲು ಬೀಳದ ಗೋಡೆ ಹುಡುಕಿ, ಸ್ಕೆಚ್ ಪೆನ್ನಿನ ಬಣ್ಣಗಳಂತೂ ಬೆಳಕಿಗೆ ಬೇಗ ಮಾಸುತ್ತವೆ.